ಕಾಣಿಕೆ ಡಬ್ಬಿಗೆ ಗುದ್ದಿದ ಕಾರು

ಬನ್ನಂಜೆಯ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕೆಂಪು ‘ಎಲ್’ ಅಂಟಿಕೊಂಡಿದೆ. ಇಂಗ್ಲಿಷ್ ಅಕ್ಷರ. ವಯರಿಂಗಿನವರು ತಂತಿಗೆ ಸುತ್ತುವ ಟೇಪನ್ನು ನಾನೇ ಕತ್ತರಿಸಿ ಮಾಡಿದ್ದು. ಅಡ್ಡಗೆರೆ ಸೊಟ್ಟಗಾಗಿ ಅದು ಅಕ್ಷರಕ್ಕಿಂತ ಹೆಚ್ಚಾಗಿ ಕಾಲು ಮುರಿದ ಕುರ್ಚಿಯ ಹಾಗೆ ಕಾಣುತ್ತದೆ. ಮನೆಗೆ ಬಂದವರು ನೀರು ಕುಡಿಯುತ್ತಾ ಅದನ್ನು ನೋಡಿ, “ಕರೆಂಟಿನವರು ಗುರುತು ಹಾಕಿ ಹೋದದ್ದಾ?” ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ನಿಜ ಹೇಳಲು ಹೊರಟರೆ ಅವರು ಮಧ್ಯಾಹ್ನದ ಊಟಕ್ಕೂ ನಿಲ್ಲಬೇಕಾಗುತ್ತದೆ. ನಿಮಗಾದರೆ ಊಟ ಹಾಕುವ ಪ್ರಶ್ನೆ ಇಲ್ಲ, ಹೇಳಬಹುದು.

‘ಎಲ್’ನ ಕಥೆಗೆ ಮೊದಲು ನನ್ನ ಬಲಗಾಲಿನ ಕಥೆ ಹೇಳಬೇಕು. ನಾನು ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಯಾರಾದರೂ ದಪ್ಪ ಪುಸ್ತಕವೊಂದನ್ನು ಧಡ್ ಎಂದು ಮೇಜಿನ ಮೇಲೆ ಹಾಕಿದರೆ ನನ್ನ ಬಲಗಾಲು ತನ್ನಷ್ಟಕ್ಕೆ ಮೇಜಿನ ಅಡಿಯ ನೆಲವನ್ನು ಒತ್ತಿ ಹಿಡಿಯುತ್ತದೆ. ಬ್ರೇಕು. ಅಲ್ಲಿ ಬ್ರೇಕು ಇಲ್ಲ ಎಂದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಕಳೆದ ವಾರ ಹೀಗೆ ಒತ್ತಿದ ರಭಸಕ್ಕೆ ಚಕ್ರ ಇರುವ ಆಫೀಸು ಕುರ್ಚಿ ಹಿಂದಕ್ಕೆ ಹೋಗಿ ಅರ್ಥಶಾಸ್ತ್ರದ ಕಪಾಟಿಗೆ ತಾಗಿತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಅರ್ಥಶಾಸ್ತ್ರದ ಕಪಾಟಿಗೇ ಹೋಗಿ ಗುದ್ದಿದ್ದಕ್ಕೆ ಮಕ್ಕಳು ನಕ್ಕರು. ನಗಲಿ. ಅವರು ಆ ಬಸ್ಸನ್ನು ನೋಡಿದವರಲ್ಲ.

ನನ್ನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಉಂಟು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಬ್ಯಾಂಕಿನಲ್ಲಿ ಖಾತೆ ತೆರೆಯಲು ವಿಳಾಸದ ದಾಖಲೆ ಬೇಕಾಗಿ ಮಾಡಿಸಿದ್ದು. ಡ್ರೈವಿಂಗ್ ಶಾಲೆಯ ಮೇಷ್ಟ್ರು ಹೇಳಿಕೊಟ್ಟ ಹಾಗೆ ಮೊದಲನೆಯ ಗೇರಿನಲ್ಲಿ ಹೋದೆ, ಮೊದಲನೆಯ ಗೇರಿನಲ್ಲೇ ಬಂದೆ, ಪಾಸಾದೆ. ಆಮೇಲೆ ಇಪ್ಪತ್ತನಾಲ್ಕು ವರ್ಷ ಸ್ಟೀರಿಂಗ್ ಮುಟ್ಟಲಿಲ್ಲ. ಮಧ್ಯೆ ಒಮ್ಮೆ ನವೀಕರಿಸಿದ್ದೇನೆ, ಹೊಸ ಫೋಟೋ ಚೆನ್ನಾಗಿ ಬಂದಿದೆ. ನಮ್ಮ ಮನೆಯಲ್ಲಿ ಒಂದೇ ಒಂದು ಅಪಘಾತ ಮಾಡದೆ ಇಷ್ಟು ವರ್ಷ ಲೈಸೆನ್ಸ್ ಇಟ್ಟುಕೊಂಡವಳು ನಾನೊಬ್ಬಳೇ ಎಂಬ ಹೆಮ್ಮೆಯೂ ಇತ್ತು.

ತಮ್ಮ ಸಂತೋಷ ಮತ್ತು ಅವನ ಹೆಂಡತಿ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾರೆ. ಅವರ ಮಗಳು ದೀಕ್ಷಾ ಕಾಪುವಿನ ಮನೆಯಲ್ಲಿ ನನ್ನ ಅಮ್ಮನ ಜೊತೆ ಇದ್ದುಕೊಂಡು ಮಣಿಪಾಲಕ್ಕೆ ಓದಲು ಹೋಗುತ್ತಾಳೆ. ಹದಿನೆಂಟು ತುಂಬಿದ ವಾರವೇ ಅವಳು ಎಲ್ಲೆಲ್ ಮಾಡಿಸಿದಳು. ಎಲ್ಲೆಲ್ ಎಂದರೆ ಕಲಿಯುವವರ ಲೈಸೆನ್ಸು. ಸಂತೋಷನ ಕಾರು ಅವನು ಊರಿನಲ್ಲಿಲ್ಲದಾಗೆಲ್ಲ ಟರ್ಪಾಲಿನ ಕೆಳಗೆ ಮಲಗಿರುತ್ತಿತ್ತು, ಅದು ಎದ್ದಿತು. ಎದ್ದದ್ದು ಒಂದು ಶರತ್ತಿನ ಮೇಲೆ. ಸಂತೋಷ ಫೋನಿನಲ್ಲಿ ನಮ್ಮೆಲ್ಲರನ್ನೂ ಸಾಲಾಗಿ ಕೂರಿಸಿ ಹೇಳಿದ: “ಟೆಸ್ಟ್ ಪಾಸಾಗುವವರೆಗೆ ಒಂದು ಗೀರು ಬಿದ್ದರೂ ಕೀ ಬೀರುವಿನ ಒಳಗೆ. ಮತ್ತೆ ನಾನು ಊರಿಗೆ ಬಂದ ಮೇಲೆಯೇ ಮಾತು.” ಅವನು ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ. ಹೋದ ತಿಂಗಳಷ್ಟೇ ಬಂದು ಹೋಗಿದ್ದ. ಲೆಕ್ಕ ಹಾಕಿದ ದೀಕ್ಷಾಳ ಮುಖ ಬಾಡಿತು.

ಎಲ್ಲೆಲ್ ಇದ್ದವರು ಓಡಿಸುವಾಗ ಪಕ್ಕದಲ್ಲಿ ಪೂರ್ಣ ಲೈಸೆನ್ಸ್ ಇದ್ದವರು ಕೂತಿರಬೇಕು, ಕಾರಿಗೆ ಹಿಂದೆ ಮುಂದೆ ಕೆಂಪು ಎಲ್ ಇರಬೇಕು. ಇಲ್ಲದಿದ್ದರೆ ಇನ್ಶೂರೆನ್ಸ್ ಇದ್ದೂ ಇಲ್ಲದ ಹಾಗೆ. ಇದು ನಮ್ಮ ಕುಟುಂಬದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇನ್ಶೂರೆನ್ಸ್ ಪಾಲಿಸಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಊರಿನ ಏಕೈಕ ಪ್ರಾಣಿ ನಾನು. ಉಳಿದವರು ಅದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಒಂದು ಕುಂಕುಮದ ಪೊಟ್ಟಣ, ಒಣಗಿದ ಗಂಧಪ್ರಸಾದದೊಡನೆ ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಇಡುತ್ತಾರೆ. ಮೂರಕ್ಕೂ ಒಂದೇ ಕೆಲಸ ಎಂಬ ನಂಬಿಕೆ. ಅಪ್ಪ ಇದ್ದಾಗ ಅವರ ಮೀನುಗಾರಿಕೆಯ ಬೋಟಿಗೂ ಹಾಗೆಯೇ. ಇನ್ಶೂರೆನ್ಸಿನ ಕಾಗದ ಬಂದರೆ ದೇವರ ಫೋಟೋದ ಹಿಂದೆ ಸಿಕ್ಕಿಸಿ, “ಇದು ನೀರಿಗೆ ಬಿದ್ದರೆ ತೇಲುದಿಲ್ಲ, ಇಲ್ಲೇ ಇರಲಿ,” ಎನ್ನುತ್ತಿದ್ದರು.

ಹೀಗೆ ಪ್ರತಿ ಭಾನುವಾರ ನಾನು ಬನ್ನಂಜೆಯಿಂದ ಬಸ್ಸಿನಲ್ಲಿ ಕಾಪುವಿಗೆ ಹೋಗಿ ದೀಕ್ಷಾಳ ಎಡಬದಿಯಲ್ಲಿ ಕೂರಲು ಶುರು ಮಾಡಿದೆ. ಕಲಿಸುವುದಕ್ಕಲ್ಲ. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು, ಡ್ರೈವಿಂಗ್ ಶಾಲೆಗೂ ಹೋಗುತ್ತಿದ್ದಳು. ನಾನು ಕಾನೂನಿಗಾಗಿ. ದೃಷ್ಟಿಯಾಗದಿರಲಿ ಎಂದು ಹೊಸ ಮನೆಯ ಮುಂದೆ ಕುಂಬಳಕಾಯಿ ಕಟ್ಟುತ್ತಾರಲ್ಲ, ಹಾಗೆ. “ಮಾಮಿ ಬಂದ್ರಾ? ಕಾನೂನು ಬಂತು, ಹೊರಡುವ,” ಎನ್ನುತ್ತಿದ್ದಳು ದೀಕ್ಷಾ. ನಮ್ಮ ತುಳುವಿನಲ್ಲಿ ಅಪ್ಪನ ಅಕ್ಕ ಮಾಮಿ. ನಾವು ಮನೆಯಲ್ಲಿ ಮಾತಾಡುವುದೆಲ್ಲ ತುಳುವಿನಲ್ಲೇ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ಸೀಟಿನ ನಡುವೆ ಅಮ್ಮ. ಅಮ್ಮನಿಗೆ ಎಪ್ಪತ್ತಾರು. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ನಡೆದವಳು. ಈಗ ಕಾರಿನಲ್ಲಿ ಕೂರುವುದನ್ನು ತನ್ನ ಕಾಲುಗಳಿಗೆ ಸಲ್ಲಬೇಕಾದ ಪಿಂಚಣಿ ಎಂದು ತಿಳಿದಿದ್ದಾಳೆ. ಕಾರು ಕಾರ್ಕಳಕ್ಕೆ ಹೋಗಲಿ, ಅಂಗಳದಲ್ಲೇ ಹಿಂದೆ ಮುಂದೆ ಆಗಲಿ, ಅವಳು ಹತ್ತುತ್ತಾಳೆ.

ಇನ್ನು ನಮ್ಮ ಕಡೆಯ ಒಂದು ಅಭ್ಯಾಸ. ದಾರಿಯಲ್ಲಿ ದೈವಸ್ಥಾನ ಬಂದರೆ ಕೈ ಮುಗಿಯಬೇಕು. ಬಸ್ಸಿನವರು, ಲಾರಿಯವರು, ಸ್ಕೂಟರಿನವರು, ಯಾರೂ ತಪ್ಪಿಸುವುದಿಲ್ಲ. ಚಾಲಕರು ಒಂದು ಕೈಯನ್ನು ಎದೆಗೊಮ್ಮೆ ತುಟಿಗೊಮ್ಮೆ ಮುಟ್ಟಿಸಿ, ಹಾರ್ನನ್ನು ಒಂದು ಚೂರು ಒತ್ತಿ ಮುಂದೆ ಹೋಗುತ್ತಾರೆ. ಕಾಪುವಿನಿಂದ ಕಾರ್ಕಳದ ತನಕ ದೈವಸ್ಥಾನ, ದೇವಸ್ಥಾನ, ಗುಡಿ, ಕಟ್ಟೆ ಎಲ್ಲ ಸೇರಿಸಿದರೆ ನಮ್ಮ ಕೈಗಳು ಸ್ಟೀರಿಂಗಿನ ಮೇಲೆ ಇರುವುದಕ್ಕಿಂತ ಹೆಚ್ಚು ಹೊತ್ತು ಎದೆಯ ಮೇಲೆಯೇ ಇರುತ್ತವೆ.

ನಮ್ಮ ಮನೆಯಿಂದ ಹೆದ್ದಾರಿಗೆ ಇಳಿಯುವ ಸಣ್ಣ ರಸ್ತೆ ಇಳಿಜಾರು. ಹೆದ್ದಾರಿ ಸೇರುವ ಜಾಗಕ್ಕಿಂತ ಸ್ವಲ್ಪ ಮೊದಲು ಎಡಕ್ಕೆ ನಮ್ಮ ಊರಿನ ದೈವಸ್ಥಾನ. ಅದರ ಎದುರು, ರಸ್ತೆಯ ಅಂಚಿನಲ್ಲಿ, ಎದೆಯೆತ್ತರದ ಸಿಮೆಂಟ್ ಕಂಬ. ಕಂಬದ ಮೇಲೆ ಬೀಗ ಹಾಕಿದ ಕಬ್ಬಿಣದ ಕಾಣಿಕೆ ಡಬ್ಬಿ.

ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕಾರ್ಕಳದ ಸಂಬಂಧಿಕರ ಮನೆಗೆ ಹೊರಟೆವು. ದೀಕ್ಷಾ ಎತ್ತರ ಕಡಿಮೆ. ಸೀಟನ್ನು ಮುಂದಕ್ಕೆ ಎಳೆದು, ಕೆಳಗೊಂದು ದಿಂಬು ಇಟ್ಟು ಕೂತಿದ್ದಳು. ಎರಡನೆಯ ಗೇರಿನಲ್ಲಿ, ಕ್ಲಚ್ ಒತ್ತಿಕೊಂಡು, ನಿಧಾನವಾಗಿ ಇಳಿಯುತ್ತಿದ್ದಳು. ನಾನು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದೆ. ಕಾನೂನು ಹಿಂದೆ ಮುಂದೆ ನೋಡಬೇಕಲ್ಲ. ಆಗ ಅಮ್ಮ ಹಿಂದಿನಿಂದ, “ಮಗಾ, ದೈವಸ್ಥಾನ. ಕೈ ಮುಗಿ,” ಎಂದಳು.

ದೀಕ್ಷಾ ಕೈ ಮುಗಿದಳು. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಚೆನ್ನಾಗಿ, ನಾವು ಅವಳಿಗೆ ಮೂರನೆಯ ವಯಸ್ಸಿನಲ್ಲಿ ಕಲಿಸಿದ ಹಾಗೆ.

ಎಡಬದಿಯಲ್ಲಿದ್ದ ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ನಾನೂ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದೆ. ಹಿಂದೆ ಅಮ್ಮನದೂ ಅದೇ ಭಂಗಿ. ಅಂದರೆ ಒಂದು ಟನ್ ತೂಕದ ಕಾರು ಇಳಿಜಾರಿನಲ್ಲಿ ಹೆದ್ದಾರಿಯ ಕಡೆಗೆ ಹೋಗುತ್ತಿರುವಾಗ ಅದರೊಳಗಿದ್ದ ಮೂರು ತಲೆಮಾರುಗಳು ಭಕ್ತಿಯಿಂದ ಕುರುಡಾಗಿದ್ದವು.

ಧಡ್.

ಕಣ್ಣು ತೆರೆದಾಗ ಎದುರಿನ ಗಾಜಿನಲ್ಲಿ ಕಾಣಿಕೆ ಡಬ್ಬಿ ಇತ್ತು. ಕಂಬ ಹಿಂದಕ್ಕೆ ವಾಲಿ, ಡಬ್ಬಿಯ ಬಾಯಿ ಬಿರಿದು, ನಾಣ್ಯಗಳು ಬಾನೆಟ್ಟಿನ ಮೇಲೆ ಒಂದೊಂದಾಗಿ ಟಣ್ ಟಣ್ ಎಂದು ಬೀಳುತ್ತಿದ್ದವು. ಕಾರು ನಿಂತಿತ್ತು. ಮತ್ತೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ನಮ್ಮ ಎದುರಿನ ಹೆದ್ದಾರಿಯಲ್ಲಿ, ನಾವು ಹೋಗಿ ತಲುಪಬೇಕಾಗಿದ್ದ ಜಾಗದಲ್ಲಿ, ಮಂಗಳೂರು ಕಡೆಯ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಒತ್ತಿಕೊಂಡು ದಾಟಿ ಹೋಯಿತು. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳನ್ನು ನೀವು ಬಲ್ಲಿರಿ. ಅವು ಬರುವುದು ಕಾಣುವುದಿಲ್ಲ, ಹೋದದ್ದು ಮಾತ್ರ ತಿಳಿಯುತ್ತದೆ. ಅದರ ಗಾಳಿಗೆ ನಮ್ಮ ಕಾರು ಒಮ್ಮೆ ಅಲುಗಾಡಿತು. ಕಿಟಕಿಯ ಹತ್ತಿರ ಕೂತ ಒಬ್ಬ ಹೆಂಗಸು ಕಡಲೆ ತಿನ್ನುತ್ತಿದ್ದುದನ್ನು ನಾನು ನೋಡಿದೆ. ಈಗಲೂ ನೋಡುತ್ತೇನೆ. ಕಂಬ ಅಲ್ಲಿ ಇರದಿದ್ದರೆ ಎಂದು ಶುರುವಾಗುವ ಆ ಆಲೋಚನೆ ದಿನಕ್ಕೆ ನಾಲ್ಕು ಸಲ ಬರುತ್ತದೆ. ನಾಲ್ಕು ಸಲವೂ ಆ ಹೆಂಗಸು ಕಡಲೆ ತಿನ್ನುತ್ತಿರುತ್ತಾಳೆ.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಗೀರಾದದ್ದು ಕಾರಿಗೆ. ಎಡಗಡೆಯ ಹೆಡ್‌ಲೈಟು ಪುಡಿ, ಬಂಪರು ಬಾಯ್ಬಿಟ್ಟು ನಾನು ಅಂಟಿಸಿದ ಮುಂದಿನ ಎಲ್ ಅದರ ತುದಿಯಲ್ಲಿ ನೇತಾಡುತ್ತಿತ್ತು. ದೀಕ್ಷಾ ಸ್ಟೀರಿಂಗಿನ ಮೇಲೆ ತಲೆಯಿಟ್ಟು, “ಕೀ ಹೋಯ್ತು ಮಾಮಿ. ಎರಡು ವರ್ಷ,” ಎಂದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಸಂತೋಷನ ಫೋನು. ಹೊರಟಿರಾ ಎಂದು ಕೇಳಲು. ಅಪಘಾತ ಎಂದ ಕೂಡಲೇ ಅವನು ಕೇಳಿದ: “ಓಡಿಸಿದ್ದು ಯಾರು?”

“ನಾನು,” ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ದಾರಿ ಗೊತ್ತಿತ್ತು. ಯಾಕೆಂದು ಹೇಳಲು ಮೂವತ್ತೆಂಟು ವರ್ಷ ಹಿಂದೆ ಹೋಗಬೇಕು, ಹೆಚ್ಚು ದೂರವಲ್ಲ, ಅದೇ ಕಾಪು.

ನನಗೆ ಹತ್ತು, ಸಂತೋಷನಿಗೆ ಎಂಟು. ಬಸ್ ನಿಲ್ದಾಣದ ಬಳಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಇತ್ತು. ಅವನಿಗೆ ಸೀಟಿನಿಂದ ಪೆಡಲಿಗೆ ಕಾಲು ಎಟುಕುತ್ತಿರಲಿಲ್ಲ. ಚೌಕಟ್ಟಿನ ನಡುವೆ ಕಾಲು ತೂರಿಸಿ, ಒಂದು ಬದಿಗೆ ಜೋತುಕೊಂಡು ಸೈಕಲ್ ಬಿಡುತ್ತಿದ್ದ. ಹಿಂದಿನ ಕ್ಯಾರಿಯರಿನಲ್ಲಿ ನಾನು. ನನ್ನ ಕೆಲಸ ಅಪ್ಪ ಬರುತ್ತಾರಾ ಎಂದು ನೋಡುವುದು. ಸೈಕಲ್ ಮುಟ್ಟಿದರೆ ಇನ್ನು ಬೋಟಿಗೆ ಕರೆದುಕೊಂಡು ಹೋಗುವುದಿಲ್ಲ ಎಂದು ಅಪ್ಪ ಅವನಿಗೆ ಹೇಳಿಯಾಗಿತ್ತು. ಕಡಲ ಬದಿಯ ದಾರಿಯಲ್ಲಿ ಅಮ್ಮ ಚಾಪೆಯ ಮೇಲೆ ಬೂತಾಯಿ ಮೀನು ಒಣಗಿಸಿದ್ದಳು. ಸಂತೋಷ ಸೀದಾ ಅದರ ಮೇಲೆ ಹೋದ. ನಾನು ಕಣ್ಣು ಮುಚ್ಚಿದೆ. ಆಗಲೂ ಮುಚ್ಚಿದ್ದೇ. ಬಿದ್ದಲ್ಲಿಂದಲೇ ಅವನು ಪಿಸುಗುಟ್ಟಿದ: “ಅಕ್ಕ, ನೀನು ಬಿಟ್ಟದ್ದು ಅಂತ ಹೇಳು. ನಿನಗೆ ಹೊಡೆಯುದಿಲ್ಲ.”

ಹೇಳಿದೆ. ಅಪ್ಪ ಹೊಡೆಯಲಿಲ್ಲ. “ಇನ್ನು ಇವಳು ಸೈಕಲ್ ಮುಟ್ಟಬಾರದು,” ಎಂದರು, ಅಷ್ಟೇ. ಆ ವರ್ಷ ಸಂತೋಷ ಬೋಟಿನಲ್ಲಿ ಹೋದ. ನಾನು ಸೈಕಲ್ ಮುಟ್ಟಲಿಲ್ಲ. ಆಮೇಲೆ ಸ್ಕೂಟರ್ ಬಂತು, ಸ್ಕೂಟಿ ಬಂತು, ನನ್ನ ವಯಸ್ಸಿನವರೆಲ್ಲ ಸೆರಗು ಸಿಕ್ಕಿಸಿಕೊಂಡು ಹಾರಿಹೋದರು. ನಾನು ಬಸ್ಸಿನ ಕಂಬಿ ಹಿಡಿದು ನಿಂತೇ ಎಂ.ಎ. ಮುಗಿಸಿದೆ. ದೀಕ್ಷಾ “ಎರಡು ವರ್ಷ” ಎಂದಾಗ ನನಗೆ ಕೇಳಿಸಿದ್ದು ಮೂವತ್ತೆಂಟು.

ಫೋನಿನಲ್ಲಿ ಸಂತೋಷ, “ನೀನಾ? ಕ್ಲಚ್ ಯಾವ ಕಾಲಿಗೆ ಅಂತ ಗೊತ್ತುಂಟಾ ನಿನಗೆ?” ಎಂದ. ಆಮೇಲೆ ಅವನಿಗೇ ಏನೋ ಹೊಳೆಯಿತು. “ಇರಲಿ, ಒಳ್ಳೆಯದೇ ಆಯ್ತು. ನಿನ್ನದು ಪಕ್ಕಾ ಲೈಸೆನ್ಸ್. ಎಲ್ಲೆಲ್ ಅಂದ್ರೆ ಇನ್ಶೂರೆನ್ಸಿನವರು ಕೊಡುದಿಲ್ಲ. ನಿನ್ನ ಹೆಸರೇ ಬರೆಸ್ತೇನೆ.”

ಎಲ್ಲೆಲ್ ಇದ್ದರೂ ಕೊಡುತ್ತಾರೆ, ಪಕ್ಕದಲ್ಲಿ ನಾನು ಇದ್ದೆನಲ್ಲ, ಅದಕ್ಕೇ ತಾನೆ ನಾನು ಇದ್ದದ್ದು! ಪಾಲಿಸಿಯನ್ನು ಕೊನೆಯ ಪುಟದವರೆಗೆ ಓದಿದವಳು ಆ ಹೊತ್ತಿಗೆ ಒಂದು ಅಕ್ಷರ ನೆನಪಿಸಿಕೊಳ್ಳಲಿಲ್ಲ. ಅವನು ಮಸ್ಕತ್ತಿನಿಂದಲೇ ಕಂಪೆನಿಗೆ ಫೋನ್ ಮಾಡಿ ಚಾಲಕರ ಜಾಗದಲ್ಲಿ ನನ್ನ ಹೆಸರು ಹೇಳಿದ. ನಷ್ಟ ಅಳೆಯುವ ಸರ್ವೇಯರ್ ನಾಳೆ ಬರುತ್ತಾರೆ, ಅಲ್ಲಿಯತನಕ ಗಾಡಿ ಕದಲಿಸಬೇಡಿ ಎಂದು ಉತ್ತರ ಬಂತು. ಅಮ್ಮ ನಾಣ್ಯಗಳನ್ನೆಲ್ಲ ಸೆರಗಿನಲ್ಲಿ ಆರಿಸಿ, ಮೇಲೊಂದು ತಪ್ಪುಕಾಣಿಕೆ ಸೇರಿಸಿ, ದೈವಸ್ಥಾನದ ಒಳಗೆ ಇಟ್ಟು ಬಂದಳು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಮರುದಿನ ಸರ್ವೇಯರ್ ಕಾರ್ಕಳದಿಂದ ಸ್ಕೂಟರಿನಲ್ಲಿ ಬಂದರು. ಮೂವತ್ತೈದರ ಪ್ರಾಯ, ತಲೆಯಲ್ಲಿ ಹೆಲ್ಮೆಟ್, ಕೈಯಲ್ಲಿ ಕ್ಲಿಪ್ ಹಾಕಿದ ಹಲಗೆ. ಹೆಲ್ಮೆಟ್ ತೆಗೆಯದೆಯೇ ಕೆಲಸ ಶುರು ಮಾಡಿದರು. ಅಮ್ಮ ದೈವಸ್ಥಾನದ ಕಟ್ಟೆಯಲ್ಲಿ ಕೂತಿದ್ದಳು. ದೀಕ್ಷಾ ಅವಳ ಪಕ್ಕ.

“ಓಡಿಸಿದ್ದು ನೀವೇ ಅಲ್ವಾ ಮೇಡಂ?”

“ಹೌದು.” ನಾನು ಬಂಪರಿಗೆ ಹೇಳಿದೆ. ದೈವಸ್ಥಾನದ ಕಡೆಗೆ ಬೆನ್ನು ಮಾಡಿದ್ದೆ.

“ಯಾವ ಗೇರಿನಲ್ಲಿದ್ರಿ?”

“ಎರಡು… ಎರಡೂವರೆ ಇರಬಹುದು.”

ಅವರು ಹಲಗೆಯಿಂದ ತಲೆಯೆತ್ತಿದರು. “ಎರಡೂವರೆ?”

“ಎರಡರಿಂದ ಮೂರಕ್ಕೆ ಹೋಗ್ತಾ ಇದ್ದೆ.”

“ಇಳಿಜಾರಿನಲ್ಲಿ, ಹೈವೇ ಎದುರಿಗೆ ಇರುವಾಗ, ಮೂರಕ್ಕೆ?”

“ಸ್ವಲ್ಪ ಅರ್ಜೆಂಟಿತ್ತು.”

“ಆಯ್ತು,” ಎಂದರು, ಆಗದವರ ದನಿಯಲ್ಲಿ. “ಗಾಡಿ ಒಂದಿಷ್ಟು ಹಿಂದೆ ತೆಗೀರಿ. ಕಂಬದ ಬುಡದ ಫೋಟೋ ಬೇಕು.”

ನಾನು ಬಾಗಿಲು ತೆರೆದೆ. ನಾನು ನಮ್ಮ ಅಪ್ಪನ ಹಾಗೆ ಎತ್ತರದವಳು. ಸೀಟು ದೀಕ್ಷಾಳ ಅಳತೆಯಲ್ಲಿ ಸ್ಟೀರಿಂಗಿಗೆ ಅಂಟಿಕೊಂಡಿತ್ತು, ಮೇಲೆ ದಿಂಬು ಬೇರೆ. ಮೊದಲು ತಲೆ ಹಾಕಿದೆ, ಕಾಲು ಹೊರಗೆ ಉಳಿಯಿತು. ಕಾಲು ಹಾಕಿದೆ, ತಲೆ ಹೊರಗೆ ಉಳಿಯಿತು. ಕೊನೆಗೆ ಎರಡನ್ನೂ ಒಳಗೆ ತಂದಾಗ ಮೊಣಕಾಲುಗಳು ಸ್ಟೀರಿಂಗಿನ ಎರಡೂ ಬದಿಗೆ ಕಿವಿಗಳ ಹಾಗೆ ಎದ್ದು ನಿಂತವು, ನೆತ್ತಿ ಮೇಲಿನ ಛಾವಣಿಗೆ ತಾಗಿತು. ಹಾರ್ನ್ ಒತ್ತಿದ್ದು ನನ್ನ ಹೊಟ್ಟೆ. ಆ ಸ್ಥಿತಿಯಲ್ಲಿ ಕೈ ಆಡಿಸಿ ಗೇರಿನ ಕೋಲನ್ನು ಹುಡುಕಿ, ಗಂಭೀರವಾಗಿ ಹಿಂದಕ್ಕೆ ಎಳೆದು ಕಾದೆ. ಕಾರು ಕದಲಲಿಲ್ಲ.

“ಮೇಡಂ,” ಎಂದರು ಸರ್ವೇಯರ್, ಬಹಳ ಮೆತ್ತಗೆ. “ಕೀ ಹಾಕಿಲ್ಲ.”

ಕೀ ದೀಕ್ಷಾಳ ಕೈಯಲ್ಲಿತ್ತು.

ಕಟ್ಟೆಯಿಂದ ಅಮ್ಮನ ದನಿ ಬಂತು. “ದೈವದ ಎದುರು ಎಂತೆಲ್ಲ ಮಾತಾಡುದು ನೀನು? ಎರಡೂವರೆ ಗೇರು! ನಾಳೆ ಇಲ್ಲೇ ಬಂದು ಕೈ ಮುಗೀಲಿಕ್ಕೆ ಉಂಟು ನಮಗೆ, ಗೊತ್ತುಂಟಾ?”

ಅದು ನಿಜ. ಇನ್ನೆಲ್ಲಾದರೂ, ಯಾವುದಾದರೂ ಕಚೇರಿಯಲ್ಲಿ, ಹಳದಿ ಗೋಡೆಯ ಎದುರು ಕೂತು ಹೇಳುವ ಸುಳ್ಳಾದರೆ ಹೇಳಿಬಿಡಬಹುದಿತ್ತು. ಗುದ್ದಿದ್ದು ದೈವದ ಕಂಬಕ್ಕೆ, ಸುಳ್ಳು ಹೇಳುವುದು ಅದರ ಅಂಗಳದಲ್ಲೇ ನಿಂತು. ನಮ್ಮ ಊರಿನಲ್ಲಿ ಕಳ್ಳರೂ ಅದಕ್ಕೆ ಹೆದರುತ್ತಾರೆ. ಹೆದರಿಕೆ ನನಗೂ ಇತ್ತು, ಮಾತು ಎಲ್ಲಿ ತಿರುಗಿಸಬೇಕೆಂದು ಗೊತ್ತಾಗಲಿಲ್ಲ. ತಿರುಗಿಸುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ.

ದೀಕ್ಷಾ ಎದ್ದು ಬಂದಳು. ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. “ಮಾಮಿ, ಸಾಕು, ಇಳೀರಿ,” ಎಂದಳು. ಮತ್ತೆ ಸರ್ವೇಯರ್ ಕಡೆಗೆ ತಿರುಗಿ, “ಸರ್, ಓಡಿಸಿದ್ದು ನಾನು. ಅವರಿಗೆ ಬರುದಿಲ್ಲ.”

“ಅದು ಗೊತ್ತಾಯ್ತು,” ಎಂದರು ಅವರು. “ಎಲ್ಲೆಲ್ ಉಂಟಾ?”

“ಉಂಟು.”

“ಎಲ್ ಬೋರ್ಡು?”

ದೀಕ್ಷಾ ಹಿಂದಿನ ಗಾಜನ್ನೂ, ಬಂಪರಿನಲ್ಲಿ ನೇತಾಡುತ್ತಿದ್ದುದನ್ನೂ ತೋರಿಸಿದಳು.

“ಪಕ್ಕದಲ್ಲಿ ಲೈಸೆನ್ಸ್ ಇದ್ದವರು?”

ದೀಕ್ಷಾ ನನ್ನನ್ನು ತೋರಿಸಿದಳು. ನಾನು ಆಗ ಕಾರಿನಿಂದ ಎಡಗಾಲನ್ನು ಬಿಡಿಸಿಕೊಳ್ಳುತ್ತಿದ್ದೆ.

“ಎಲ್ಲ ಸರಿ ಉಂಟಲ್ಲ ಮಾರಾಯ್ರೆ! ಮತ್ತೆ ಸುಳ್ಳು ಎಂತಕ್ಕೆ? ಸುಳ್ಳು ಬರೆದದ್ದು ಗೊತ್ತಾದ್ರೆ ಆಗ ಹೋಗುದು ಕ್ಲೇಮು.” ಅವರು ನನ್ನ ಹೆಸರನ್ನು ಹೊಡೆದುಹಾಕಿದರು. “ಈಗ ಹೇಳಿ. ಡಿಕ್ಕಿ ಆಗುವಾಗ ನೀವು ಎಂತ ಮಾಡ್ತಿದ್ರಿ?”

“ಕೈ ಮುಗಿಯುತ್ತಿದ್ದೆ,” ಎಂದೆ.

“ಅಮ್ಮ?”

“ನಾನೂ,” ಎಂದಳು ಅಮ್ಮ.

“ಡ್ರೈವರು?”

“ನಾನೂ,” ಎಂದಳು ದೀಕ್ಷಾ.

“ಎರಡೂ ಕೈಯಲ್ಲಾ?”

“ಹೌದು.”

“ಕಣ್ಣು?”

“ಮುಚ್ಚಿತ್ತು.”

“ಮೂರೂ ಜನರದ್ದು?”

ನಾವು ಮೂವರೂ ತಲೆ ತಗ್ಗಿಸಿದೆವು. ಸರ್ವೇಯರ್ ಬರೆಯುವುದನ್ನು ನಿಲ್ಲಿಸಿ ಮೊದಲ ಸಲ ಹೆಲ್ಮೆಟ್ ತೆಗೆದರು. ದೈವಸ್ಥಾನದ ಕಡೆಗೆ ನೋಡಿ ಎದೆ ಮುಟ್ಟಿಕೊಂಡರು. “ಅಲ್ಲ ತಂಗಿ, ನಾನೂ ದಿನಾ ಕೈ ಮುಗಿಯುದೇ. ಒಂದು ಕೈ ಬಿಡ್ತೇವೆ. ಎರಡೂ ಕೈ ಯಾರಾದ್ರೂ ಬಿಡ್ತಾರಾ?”

“ಒಂದೇ ಕೈಯಲ್ಲಿ ಮುಗಿಯುದು ಹೇಗೆ?” ಎಂದು ಕೇಳಿದಳು ಅಮ್ಮ, ನಿಜವಾಗಿಯೂ ತಿಳಿಯದೆ.

ಅದನ್ನು ಬರೆಯಲು ಅವರ ಫಾರಮಿನಲ್ಲಿ ಜಾಗವಿರಲಿಲ್ಲ. ಮುಂದಿನ ಕಾಲಮಿಗೆ ಹೋದರು. “ಕಂಬ ಯಾರದ್ದು?”

“ದೈವದ್ದು.”

“ಥರ್ಡ್ ಪಾರ್ಟಿ ಅಂತ ಹಾಕ್ಬೇಕು. ಹೆಸರು, ವಿಳಾಸ.”

“ವಿಳಾಸ ಇದೇ. ನೀವು ನಿಂತದ್ದು ಅದರ ಅಂಗಳದಲ್ಲಿ,” ಎಂದಳು ಅಮ್ಮ. “ಕಂಬ ನಾವೇ ಕಟ್ಟಿಸಿ ಕೊಡ್ತೇವೆ. ದೈವದ ಹತ್ತಿರ ಫಾರಂ ತುಂಬಿಸ್ಲಿಕ್ಕೆ ಹೋಗ್ಬೇಡಿ ನೀವು.”

ಅವರು ಆ ಕಾಲಮಿಗೆ ಉದ್ದಕ್ಕೆ ಗೆರೆ ಎಳೆದು, ದೀಕ್ಷಾಳ ಕೈಗೆ ಪೆನ್ನು ಕೊಟ್ಟು, ಆದದ್ದನ್ನು ಬರೆಯಲು ಹೇಳಿದರು. ಅವಳು ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದಳು: ನಾನು ಕಾರು ಓಡಿಸುತ್ತಿದ್ದೆ. ದೈವಸ್ಥಾನ ಬಂತು. ಎರಡೂ ಕೈ ಜೋಡಿಸಿ ಕೈ ಮುಗಿದೆ. ಕಣ್ಣು ತೆರೆದಾಗ ಕಂಬ ಬಂದಿತ್ತು.

“ಕಂಬ ಬರ್ಲಿಲ್ಲ, ಕಾರು ಹೋದದ್ದು. ತಿದ್ದಿ,” ಎಂದರು ಸರ್ವೇಯರ್. ತಿದ್ದಿದಳು.

ಅವರ ಸ್ಕೂಟರ್ ಹೋದ ಮೇಲೆ ದೀಕ್ಷಾ ಕಟ್ಟೆಯ ಮೇಲೆ ಕೂತು ತಾನೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. “ಪಪ್ಪ, ಓಡಿಸಿದ್ದು ನಾನು. ಮಾಮಿ ಅಲ್ಲ. ಬರೆದು ಕೊಟ್ಟಿದ್ದೇನೆ,” ಎಂದು ಒಂದೇ ಉಸಿರಿಗೆ ಹೇಳಿದಳು.

“ಕೀ ಎಲ್ಲಿ?” ಎಂದ ಸಂತೋಷ.

“ಕೈಯಲ್ಲಿ.”

“ಮಾಮಿಗೆ ಕೊಡು.”

ಅವಳು ಮುಷ್ಟಿ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. ಕೀ ಬೆವರಿ ಬಿಸಿಯಾಗಿತ್ತು. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಇಷ್ಟು ನೇರವಾಗಿ ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಫೋನು ನನ್ನ ಕೈಗೆ ಬಂತು.

“ನೀನು ಎಂತಕ್ಕೆ ಅಕ್ಕ ಸುಳ್ಳು ಹೇಳಿದ್ದು?”

“ಅಭ್ಯಾಸ,” ಎಂದೆ.

ತೆರೆಯ ಮೇಲೆ ಐವತ್ತರ ಹತ್ತಿರದ, ಅರ್ಧ ತಲೆ ಬೋಳಾದ ಗಂಡಸಿನ ಮುಖ. ಅದರೊಳಗಿಂದ ಎಂಟು ವರ್ಷದ ಹುಡುಗ ಮೆಲ್ಲನೆ ಹೊರಬಂದು ನನ್ನನ್ನು ನೋಡಿದ. “ಅಮ್ಮನಿಗೆ ಕೊಡು ಫೋನು,” ಎಂದ.

ಅಮ್ಮ ಫೋನನ್ನು ಕಿವಿಗೆ ಇಟ್ಟುಕೊಂಡಳು. ವಿಡಿಯೋ ಆದರೂ ಅವಳು ಕಿವಿಗೇ ಇಡುವುದು. ಸಂತೋಷನಿಗೆ ಅವಳ ಓಲೆಯೊಂದೇ ಕಾಣುತ್ತಿರಬೇಕು. ಆ ಓಲೆಗೆ ಅವನು ಮೂವತ್ತೆಂಟು ವರ್ಷದ ಹಿಂದಿನ ಸೈಕಲಿನ ವಿಷಯ ಹೇಳಿದ. ನಾವೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದ.

“ಗೊತ್ತುಂಟು ಮಾರಾಯ,” ಎಂದಳು ಅಮ್ಮ. “ನಿನ್ನ ಚಡ್ಡಿ ಒಗೆದದ್ದು ನಾನಲ್ವಾ? ಕಿಸೆಯಲ್ಲಿ ಎರಡು ಬೂತಾಯಿ ಇತ್ತು.”

ನನಗೆ ಸಿಟ್ಟು ಬಂತು. ನಗುವೂ ಬಂತು, ಆದರೆ ಸಿಟ್ಟು ಮೊದಲು ಬಂತು. “ಗೊತ್ತಿದ್ದೂ ಅಪ್ಪನಿಗೆ ಯಾಕೆ ಹೇಳ್ಲಿಲ್ಲ ನೀನು?”

ಅಮ್ಮ ಫೋನನ್ನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಹುಡುಗಿಗೆ ಸೈಕಲ್ ಇಲ್ಲದಿದ್ರೆ ಎಂತ ಆಗ್ತದೆ ಅಂತ ನಾನೂ ಸುಮ್ಮನಾದೆ. ತಪ್ಪಾಯ್ತು.” ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀನು ಅಷ್ಟು ಉದ್ದ ಬೆಳೀತಿ ಅಂತಲೂ ಗೊತ್ತಿರ್ಲಿಲ್ಲ. ಬಸ್ಸಿನಲ್ಲಿ ನಿಂತು ನಿಂತೇ ಉದ್ದ ಆದದ್ದೋ ಏನೋ,” ಎಂದಳು. ಅಮ್ಮನ ಕ್ಷಮಾಪಣೆಗಳಿಗೆ ಯಾವಾಗಲೂ ಹೀಗೊಂದು ಬಾಲ ಇರುತ್ತದೆ.

ಮಡಿಲಿನಿಂದ ಸಂತೋಷನ ದನಿ ಬಂತು. “ಅಕ್ಕ, ಟೆಸ್ಟ್ ಗುರುವಾರ ಅಲ್ವಾ ಅವಳಿಗೆ?”

“ಹೌದು.”

“ಕೀ ಅವಳಿಗೇ ಕೊಡು. ಒಂದು ವಿಷಯ, ಆ ಕೈ ಮುಗಿಯುವ ಕೆಲಸ ನಿಲ್ಲಿಸ್ಲಿಕ್ಕೆ ಹೇಳು.”

“ಅದನ್ನು ಹೇಗೆ ನಿಲ್ಲಿಸುದು?” ಎಂದಳು ಅಮ್ಮ. ಆದರೆ ಅವಳು ಯೋಚನೆಗೆ ಬಿದ್ದದ್ದು ಕಂಡಿತು.

ಗುರುವಾರ ದೀಕ್ಷಾ ಮಣಿಪಾಲದಲ್ಲಿ, ಡ್ರೈವಿಂಗ್ ಶಾಲೆಯ ಕಾರಿನಲ್ಲಿ, ಟೆಸ್ಟ್ ಪಾಸಾದಳು. ಗ್ಯಾರೇಜಿನಿಂದ ನಮ್ಮ ಕಾರು ಹೊಸ ಹೆಡ್‌ಲೈಟಿನೊಡನೆ ಬಂದಿತು, ಇನ್ಶೂರೆನ್ಸಿನವರು ತಕರಾರು ಮಾಡಲಿಲ್ಲ. ಹಿಂದಿನ ಗಾಜಿನಿಂದ ದೀಕ್ಷಾ ಆ ‘ಎಲ್’ ಅನ್ನು ಮೆಲ್ಲನೆ ಕಿತ್ತು ತಂದು ನನ್ನ ಫ್ರಿಜ್ಜಿಗೆ ಅಂಟಿಸಿ, “ಇದು ಇನ್ನು ನಿಮಗೆ ಮಾಮಿ. ನಿಮ್ಮ ಸರದಿ,” ಎಂದಳು. ಯೋಚಿಸುತ್ತಿದ್ದೇನೆ. ಫ್ರಿಜ್ಜು ತೆರೆದಾಗಲೆಲ್ಲ ಯೋಚಿಸುತ್ತೇನೆ, ಹಾಲು ತೆಗೆದು ಮುಚ್ಚುತ್ತೇನೆ.

ಈಗ ಕಾನೂನಿನ ಪ್ರಕಾರ ಕಾರಿನಲ್ಲಿ ನನ್ನ ಅಗತ್ಯವಿಲ್ಲ. ಆದರೂ ಭಾನುವಾರ ಹೋಗುತ್ತೇನೆ. ಇಳಿಜಾರಿನಲ್ಲಿ ಹೊಸ ಕಂಬ ನಿಂತಿದೆ. ಅಮ್ಮ ಹೇಳಿ ಮೊದಲಿಗಿಂತ ದಪ್ಪ ಮಾಡಿಸಿದ್ದಾಳೆ, ಹಳದಿ ಕಪ್ಪು ಪಟ್ಟಿ ಬಳಿಸಿದ್ದಾಳೆ. ಅದು ಹತ್ತಿರ ಬಂದಾಗ ದೀಕ್ಷಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕಣ್ಣು ಬಿಟ್ಟುಕೊಂಡು, ಹೆದ್ದಾರಿಯ ಅಂಚಿನಲ್ಲಿ ಪೂರ್ತಿ ನಿಲ್ಲಿಸುತ್ತಾಳೆ. ಹಿಂದಿನ ಸೀಟಿನಲ್ಲಿ ಅಮ್ಮ ಕೈ ಮುಗಿಯುತ್ತಾಳೆ. “ಇದು ನನ್ನದು.” ಕೈ ಬಿಡಿಸಿ ಮತ್ತೊಮ್ಮೆ ಮುಗಿಯುತ್ತಾಳೆ. “ಇದು ಹುಡುಗಿಯದ್ದು.” ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸು ಹೋಗುತ್ತದೆ, ಕಾರು ಒಮ್ಮೆ ಅಲುಗಾಡುತ್ತದೆ.

“ಮಾಮಿ, ನಿಮ್ಮ ಕಡೆ ಬ್ರೇಕ್ ಇಲ್ಲ,” ಎನ್ನುತ್ತಾಳೆ ದೀಕ್ಷಾ, ರಸ್ತೆಯಿಂದ ಕಣ್ಣು ತೆಗೆಯದೆ.

“ಗೊತ್ತುಂಟು,” ಎನ್ನುತ್ತೇನೆ, ಕಾಲು ತೆಗೆಯದೆ.

ಹಿಂದಿನಿಂದ ಅಮ್ಮ ಮೂರನೆಯ ಸಲ ಕೈ ಮುಗಿಯುವುದು ಕನ್ನಡಿಯಲ್ಲಿ ಕಾಣುತ್ತದೆ. “ಇದು ಅವಳ ಕಾಲಿಗೆ.”